ಬಾಯಿಮಾತಿನ ಆಧಾರ

ವೈದ್ಯಕೀಯ ಜರ್ನಲ್‌ನವರ ಮೇಲ್ ಓದಿದ ಡಾಕ್ಟರಮ್ಮನಿಗೆ ಕೈಕಾಲೇ ಆಡಲಿಲ್ಲ. ನಿಮ್ಮ ಲೇಖನದ ಕೊನೆಯ ಉಲ್ಲೇಖಪಟ್ಟಿಯ ಒಂದು ಸಾಲು ಅಚ್ಚಾದ ಲೇಖನದ್ದಲ್ಲ, ಯಾರೋ ಬಾಯಲ್ಲಿ ಹೇಳಿದ ಮಾತು. ಅಂಥದ್ದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ, ಲೇಖನದ ಒಳಗೇ ಹೆಸರು ಹೇಳಿ ಬರೆಯಬೇಕು, ಹೇಳಿದವರು ಸಹಿ ಮಾಡಿದ ಒಪ್ಪಿಗೆ ಪತ್ರ ಇಂದು ಸಂಜೆಯೊಳಗೆ ತಲುಪಬೇಕು, ಇಲ್ಲವಾದರೆ ಆ ಹೆಸರನ್ನು ಹೊಡೆದುಹಾಕಿ ಎಂದು ಬರೆದಿದ್ದರು. ಹೊಡೆದುಹಾಕುವುದೇನು ಮಹಾ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಇಡೀ ಲೇಖನ ನಿಂತದ್ದೇ ಆ ಮಾತಿನ ಮೇಲೆ.

ಮಾತು ಅವಳ ಮೇಷ್ಟ್ರದ್ದು. ಇವಳು ಓದುವ ಕಾಲದಲ್ಲಿ, ಮಕ್ಕಳ ವಾರ್ಡಿನ ಒಂದು ತೊಟ್ಟಿಲ ಪಕ್ಕ ನಿಂತು, ಕೂಸಿಗೆ ನಂಜು ಏರುವ ಮುಂಚೆ ಅದರ ಅಳು ತೆಳ್ಳಗಾಗುತ್ತದೆ, ಥರ್ಮಾಮೀಟರಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ ಎಂದಿದ್ದರು. ಅಂದರು, ಮುಂದಿನ ತೊಟ್ಟಿಲಿಗೆ ಹೋದರು, ಎಲ್ಲೂ ಬರೆದಿಡಲಿಲ್ಲ. ಇವಳು ಅದನ್ನೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ವರ್ಷಗಟ್ಟಲೆ ಕೂಸುಗಳ ಅಳು ರೆಕಾರ್ಡ್ ಮಾಡಿ, ಅಳೆದು ಸುರಿದು, ಮಾತು ನಿಜವೆಂದು ತೋರಿಸಿದ್ದಳು. ಲೇಖನ ಅಚ್ಚಾದರೆ ಆಸ್ಪತ್ರೆಯ ಕೆಲಸ ಕಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಮೇಷ್ಟ್ರ ಹೆಸರು ಅಳಿಸಿ ಕಳಿಸಿದರೂ ಅಚ್ಚಾಗುತ್ತದೆ, ಅದೇ ಸಂಕಟ. ಆಗ ಅದೆಲ್ಲ ಇವಳ ಸ್ವಂತ ಬುದ್ಧಿ ಎಂದಾಗುತ್ತದೆ.

ಹುಡುಗರು ಹಿಂದಿನಿಂದ ಅವರನ್ನು ಅಲ್ಪವಿರಾಮ ಮೇಷ್ಟ್ರು ಎನ್ನುತ್ತಿದ್ದರು. ಉಲ್ಲೇಖದಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಕಾಗದ ವಾಪಸ್ಸು ಬರುತ್ತಿತ್ತು, ಅಂಚಿನಲ್ಲಿ ಒಂದು ಟಿಪ್ಪಣಿ, ಟಿಪ್ಪಣಿಯ ಕೆಳಗೆ ತಪ್ಪದೆ ಸಹಿ. ಮೂಲವನ್ನು ನೋಡದೆ ಹೆಸರು ಹಾಕುವವನು ರೋಗಿಯನ್ನು ಮುಟ್ಟದೆ ಮದ್ದು ಬರೆಯುವವನ ಒಡಹುಟ್ಟಿದ ತಮ್ಮ ಎಂದು ಬೈಯುತ್ತಿದ್ದರು. ಈಗ ಅವರಿಗೆ ಮರೆವು ಸ್ವಲ್ಪ ಜಾಸ್ತಿ ಎಂದು ಇವಳ ಕಿವಿಗೂ ಬಿದ್ದಿತ್ತು. ಸ್ವಲ್ಪ ತಾನೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತ, ಒಪ್ಪಿಗೆ ಪತ್ರವನ್ನೂ ಉಲ್ಲೇಖಪಟ್ಟಿಯನ್ನೂ ಕಂಕುಳಲ್ಲಿಟ್ಟುಕೊಂಡು ಅವರ ಮನೆಗೆ ಓಡಿದಳು.

ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ಹೊಸಿಲಲ್ಲೇ ತಡೆದರು. "ನಿನ್ನ ಗುರುತು ಹಿಡಿಯಲ್ಲಮ್ಮ, ಬೇಜಾರು ಮಾಡ್ಕೋಬೇಡ. ನನ್ನನ್ನೇ ನರ್ಸು ಅಂದ್ಕೊಂಡಿದಾರೆ. ಬೆಳಿಗ್ಗೆ ಕರೆದು, ರಾತ್ರಿ ಪಾಳಿ ಮಾಡಿ ಸುಸ್ತಾಗಿದೀರಿ, ಮನೆಗೆ ಹೋಗಿ ಅಂದ್ರು. ಯಾವ ಮನೆಗೆ ಹೋಗ್ಲಿ ನಾನು?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ವಿಷಯ ಕೇಳಿದ ಮೇಲೆ ಆಕೆ ಹಗುರಾದರು. ಸಹಿ ತಾನೆ, ಮುಂದೆ ಇಟ್ಟದ್ದಕ್ಕೆಲ್ಲ ಹಾಕುತ್ತಾರೆ, ನಿನ್ನೆ ಪೇಪರಿನವನ ಚೀಟಿಗೂ ಹಾಕಿದ್ದಾರೆ, ನೀನೇನು ಆಸ್ತಿ ಬರೆಸಿಕೊಳ್ಳುತ್ತಿದ್ದೀಯಾ, ಹಾಕಿಸಿಕೋ ಎಂದರು. ಡಾಕ್ಟರಮ್ಮನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಂಥ ರೋಗಿಯ ಸಹಿ ಪಡೆದು ಯಾರಾದರೂ ಆಪರೇಷನ್ ಮಾಡಿದ್ದರೆ ಮೊದಲು ರಂಪ ಎಬ್ಬಿಸುವವಳು ಇವಳೇ. ಗಡಿಯಾರ ಬೇರೆ ಎದುರಿಗೇ ಇತ್ತು. ಕಣ್ಣು ಮುಚ್ಚಿಕೊಂಡು ಹಾಕಿಸಿಕೊಂಡು ಬಿಡುವುದು, ದೇವರು ಕ್ಷಮಿಸುತ್ತಾನೆ ಎಂದುಕೊಂಡಳು. ಒಪ್ಪಿಗೆ ಪತ್ರವನ್ನು ಮೇಲಿಟ್ಟು, ಪಟ್ಟಿಯನ್ನು ಕೆಳಗಿಟ್ಟು, ಮೇಷ್ಟ್ರ ಮುಂದೆ ಪೆನ್ನು ಚಾಚಿದಳು.

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಪತ್ರವನ್ನು ನೋಡಲೂ ಇಲ್ಲ, ಪಕ್ಕಕ್ಕೆ ಸರಿಸಿದರು. ಉಲ್ಲೇಖಪಟ್ಟಿ ಕಂಡದ್ದೇ ತಡ, ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಇಸವಿಯ ಮುಂದೆ ಬಿಟ್ಟುಹೋಗಿದ್ದ ಚುಕ್ಕೆ ಇಟ್ಟರು. ಉದ್ದಕ್ಕೆ ಬೆಳೆದಿದ್ದ ಹೆಸರುಗಳ ಬಾಲ ಕತ್ತರಿಸಿ 'ಮತ್ತಿತರರು' ಎಂದು ಬರೆದರು. ಪುಟಸಂಖ್ಯೆ ಇಲ್ಲದ ಕಡೆ ಗೀಟೆಳೆದು ನಾಲಿಗೆ ಲೊಚಗುಟ್ಟಿದರು. ಒಂದೂ ತಪ್ಪಲಿಲ್ಲ. ಡಾಕ್ಟರಮ್ಮನಿಗೆ ಹೋದ ಜೀವ ಬಂದಂತಾಯಿತು. ಮರೆವು ಎಲ್ಲಿದೆ, ಇವರು ನಮ್ಮ ಮೇಷ್ಟ್ರೇ ಅಲ್ಲವೆ! ಸರ್, ನಾನು ನಿಮ್ಮ ವಿದ್ಯಾರ್ಥಿನಿ ಎಂದಳು. ಅವರು ತಲೆ ಎತ್ತದೆ, ಯಾವ ವಾರ್ಡಮ್ಮ ನಿಮ್ಮದು ಎಂದು ಕೇಳಿ ಕೆಳಗಿನ ಸಾಲಿಗೆ ಇಳಿದರು.

ಅದು ಅವರದೇ ಹೆಸರಿದ್ದ ಸಾಲು. ಪೆನ್ನು ನಿಂತಿತು. ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದರು.

"ಕೂಸಿನ ಅಳು ತೆಳ್ಳಗಾಗುತ್ತೆ... ಒಳ್ಳೆ ಮಾತು. ಯಾರಿವರು?"

"ನಮ್ಮ ಮೇಷ್ಟ್ರು, ಸರ್."

"ಇದಾರಾ?"

ಡಾಕ್ಟರಮ್ಮ ಮೇಷ್ಟ್ರ ಹೆಂಡತಿಯ ಕಡೆ ನೋಡಿದಳು. ಆಕೆ ಆಗಲೇ ಕಿಟಕಿಯ ಕಡೆ ತಿರುಗಿ, ಇದ್ದಲ್ಲೇ ಇದ್ದ ಪರದೆಯನ್ನು ಸರಿ ಮಾಡುತ್ತಿದ್ದರು. "ಇದಾರೆ, ಸರ್" ಎಂದಳು.

ಮೇಷ್ಟ್ರು ತಮ್ಮ ಹೆಸರಿನ ಸುತ್ತ ಒಂದು ದುಂಡು ಹಾಕಿದರು. ಪಕ್ಕದ ಅಂಚಿನಲ್ಲಿ, ಕೈ ಒಂದಿಷ್ಟೂ ನಡುಗದೆ, 'ಮೊದಲು ಇವರನ್ನು ಕಂಡು ಕೇಳಿ' ಎಂದು ಬರೆದು, ಕೆಳಗೆ ಎಂದಿನಂತೆ ಸಹಿ ಹಾಕಿ ಕೊಟ್ಟರು.