ಬೈಕಿನ ಆಟಕ್ಕೆ ಜಾಗ

ಫೋನಿನಲ್ಲಿ ಜಾಗ ಸಾಲದು, ಬೇಡವಾದದ್ದನ್ನು ಅಳಿಸಿ ಎಂಬ ಸೂಚನೆ ಬಂದಾಗಲೆಲ್ಲ ನನ್ನ ಮೂಗಿಗೆ ಗಂಜಿ ಹಾಕಿದ ರೇಷ್ಮೆ ನೂಲಿನ ವಾಸನೆ ಬಡಿಯುತ್ತದೆ.

ಅವ್ವ ತೀರಿಹೋದ ವರ್ಷ ಅದು. ಆ ಮಧ್ಯಾಹ್ನ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಕೂತು ನಾನು ಅವನ ಫೋನಿಗೆ ಬೈಕಿನ ಆಟ ಹಾಕಿಕೊಳ್ಳಲು ಹೆಣಗುತ್ತಿದ್ದೆ. ಜಾಗವಿಲ್ಲ ಎಂದಿತು. ಹೆಸರಿಲ್ಲದ ಒಂದು ರೆಕಾರ್ಡಿಂಗ್ ಕಂಡಿತು, ಅಳಿಸಿಬಿಟ್ಟೆ. ಆಟ ಬಂತು. ದರಿದ್ರದ ಆಟ, ಇದ್ದದ್ದು ಒಂದೇ ರಸ್ತೆ, ಪ್ರತಿ ತಿರುವಿನಲ್ಲೂ ಬೈಕು ಬೀಳುತ್ತಿತ್ತು.

ಲಾಳಿಯ ಸದ್ದು ನಿಂತಿತು. ಅಪ್ಪ ಕೈ ಒರೆಸಿಕೊಂಡು ಫೋನ್ ಈಸಿಕೊಂಡ. ಊಟಕ್ಕೆ ಏಳುವ ಮುಂಚೆ ದಿನವೂ ಅದನ್ನು ಕಿವಿಗಿಟ್ಟುಕೊಳ್ಳುತ್ತಿದ್ದ. ಯಾರದೋ ಕರೆ ಇರಬೇಕು ಎಂದುಕೊಂಡಿದ್ದೆ. ಅಂದು ಒತ್ತಿ ಒತ್ತಿ ಹುಡುಕಿದ.

“ಇದ್ರಾಗೆ ಒಂದು ರೆಕಾರ್ಡಿಂಗ್ ಇತ್ತಲ್ಲ ಮಗಾ?”

“ಜಾಗ ಇರ್ಲಿಲ್ಲ, ತೆಗ್ದೆ.”

“ನಿಮ್ಮವ್ವ ಊಟಕ್ಕೆ ಕರೆಯೋದಿತ್ತು ಅದ್ರಾಗೆ. ನೀನು ಅಳ್ತೀಯ ಅಂತ ನಿಂಗೆ ಕೇಳಿಸಿರ್ಲಿಲ್ಲ.”

ಅಪ್ಪ ಮಗ್ಗದ ನೂಲನ್ನೊಮ್ಮೆ ಸವರಿದ. ಆಮೇಲೆ ಫೋನನ್ನು ನನ್ನ ಕೈಗೇ ಕೊಟ್ಟು ಕೇಳಿದ:

“ಆಟ ಚೆನ್ನಾಗೈತಾ?”

“ಚೆನ್ನಾಗೈತೆ” ಅಂದೆ.