ಕತ್ತಿನ ಗೆರೆ

“ಒಬ್ಬೊಬ್ಬರ ಕತ್ತಿನ ಮೇಲೂ ಒಂದೊಂದು ಗೆರೆ ಎಳಿ. ಕತ್ತು ಹೋದ ಚಿತ್ರಕ್ಕೆ ಜೀವ ಇರಲ್ಲ, ಇಟ್ಕೊಂಡೋರಿಗೆ ಪಾಪಾನೂ ಇರಲ್ಲ,” ಎಂದು ಉರಾಜ್ ಬೇಗ್ ಪುಸ್ತಕವನ್ನು ಶಿಹಾಬನ ಮುಂದೆ ತಳ್ಳಿದ.

ಹೆರಾತ್ ನಗರ ಈ ದಂಡನಾಯಕನ ಕೈಗೆ ಬಿದ್ದು ಎಂಟು ದಿನವಾಗಿತ್ತು. ಅವನನ್ನು ಕಳ್ಳನೆಂದು ಕರೆದು ಮಸೀದಿಯ ಬಾಗಿಲ ಮೇಲೆ ಯಾರೋ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಬರೆದವನ ತಲೆಗಾಗಿ ಊರನ್ನೇ ಜಾಲಾಡುತ್ತಿದ್ದರು. ಬರೆದವನು ಹಳೆಯ ಸುಲ್ತಾನನ ಬರಹಗಾರ ಶಿಹಾಬನೇ. ಗಡ್ಡ ಬೋಳಿಸಿ, ಈರುಳ್ಳಿ ಮಾರುವವನ ವೇಷದಲ್ಲಿ ಬುಟ್ಟಿ ಹೊತ್ತು ಊರು ಬಿಡುವಾಗ ಸಿಪಾಯಿಗಳು ಬಿಟ್ಟಿ ಕೆಲಸಕ್ಕೆಂದು ಹಿಡಿದು ತಂದಿದ್ದರು.

“ಲೇಖನಿ ಹಿಡಿದೋನಲ್ಲ ದೊರೆ. ತಕ್ಕಡಿ ಹಿಡಿದ ಕೈ ಇದು.”

“ಹಿಡಿಯೋದು ಹೇಗೆ ಅಂತ ನನಗೂ ಗೊತ್ತಿಲ್ಲ ಕಣಯ್ಯಾ. ಕುದುರೆ ಮೇಲೆ ಬೆಳೆದೋನು ನಾನು. ಎಳಿ.”

ಶಿಹಾಬ ಪುಟ ತೆರೆದ. ಅಣ್ಣ ಹುಮಾಮನ ಚಿತ್ರಗಳು. ಕಣ್ಣಾರೆ ಕಂಡದ್ದನ್ನು ಬಿಟ್ಟು ಒಂದು ಎಳೆ ಹೆಚ್ಚು ಬರೆದವನಲ್ಲ ಹುಮಾಮ್. ಹದಿನಾಲ್ಕು ವರ್ಷದ ದುಡಿಮೆ. ಮೊನ್ನೆಯಷ್ಟೇ ಉರಾಜ್ ಬೇಗನ ಸಿಪಾಯಿಗಳು ಅವನನ್ನು ಕೊಂದು ಹಳ್ಳಕ್ಕೆ ಎಸೆದಿದ್ದರು.

ಅಳುವ ಹಾಗಿರಲಿಲ್ಲ. ಶಿಹಾಬ ಲೇಖನಿಯನ್ನು ಮಸಿಗೆ ಅದ್ದಿದ, ಬರಹಗಾರರು ಪ್ರತಿ ಸಲ ಮಸಿ ಅದ್ದಿ ಮಾಡುವಂತೆ ತನಗರಿವಿಲ್ಲದೆ ಎಡ ಹೆಬ್ಬೆರಳ ಉಗುರಿಗೆ ಒತ್ತಿ ಮೊನೆ ನೋಡಿದ, ಮೊದಲ ಕತ್ತು ಕೊಯ್ದ. ಬೇಕೆಂದೇ ಸೊಟ್ಟಗೆ ಎಳೆದ. ಮದುಮಗಳು, ತಮಟೆಯವನು, ಮಾಲಿ, ಎಲ್ಲರೂ ಅವನ ಬೀದಿಯವರೇ. ಅಣ್ಣ ಅವರನ್ನೆಲ್ಲ ಕೂರಿಸಿಕೊಂಡು ಬರೆದಿದ್ದ.

ಕೊನೆಯ ಪುಟದಲ್ಲಿ ಹಳೆಯ ಸುಲ್ತಾನನ ಸಭೆ. ಸಿಂಹಾಸನದ ಕೆಳಗೆ ಮೊಣಕಾಲೂರಿ ಕೂತ ಬರಹಗಾರ ಶಿಹಾಬನೇ. ಅದೇ ಮೂಗು, ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಕತ್ತಿನ ಮೇಲೆ ಗೆರೆ ಎಳೆದವನು ಲೇಖನಿ ಕೊಡವಿದ. ಮಸಿ ಚಿತ್ರದ ಮುಖದ ತುಂಬ ಹರಡಿತು.

“ಕೈ ಜಾರ್ತು ದೊರೆ.”

“ಈರುಳ್ಳಿಯವನ ಕೈ ಇನ್ನೇನಾಗುತ್ತೆ?” ಉರಾಜ್ ಬೇಗ್ ನಕ್ಕ. “ಹೋಗು, ನಿನ್ನ ಬುಟ್ಟಿ ತಗೊಂಡು ಹೋಗು.”

ಅಣ್ಣನನ್ನು ಎರಡನೆಯ ಸಲ ಕೊಂದು ತಾನು ಉಳಿದುಕೊಂಡೆ ಎಂದು ಶಿಹಾಬನಿಗೆ ಅನ್ನಿಸಿತು. ಆದರೂ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ಹೊಸ್ತಿಲ ಬಳಿ ಬಂದಾಗ, ಪುಟ ನೋಡುತ್ತಿದ್ದ ಉರಾಜ್ ಬೇಗ್ ಕೂಗಿದ.

“ನಿಲ್ಲಯ್ಯಾ. ಈ ಮುಖ ಹೋದೋನು ಲೇಖನೀನ ಉಗುರಿಗೆ ಯಾಕೆ ಒತ್ತಿದ್ದಾನೆ?”

ಶಿಹಾಬ ಎಡಗೈ ಮುಷ್ಟಿ ಬಿಗಿದ.

“ಎಡಗೈ ತೋರಿಸು.”

ಚಿತ್ರದ ಬರಹಗಾರನ ಹೆಬ್ಬೆರಳಿನ ಉಗುರ ಮೇಲೆ ಹುಮಾಮ್ ಒಂದು ಕಪ್ಪು ಚುಕ್ಕೆ ಇಟ್ಟಿದ್ದ. ಶಿಹಾಬನ ಉಗುರ ಮೇಲೆ ಅಂಥದೇ ಚುಕ್ಕೆ ಇನ್ನೂ ಒಣಗಿರಲಿಲ್ಲ.