ತಾತ ನೋಡಿದ ಬಾಗಿಲು

ಕುಯ್ದ ತೇಗದ ವಾಸನೆ ಬಂದರೆ ನನಗೆ ಈಗಲೂ ಆ ಭಾನುವಾರದ ಮಧ್ಯಾಹ್ನವೇ ನೆನಪಾಗುತ್ತದೆ.

ಕಿಕ್ಕೇರಿಯ ನಮ್ಮ ಮನೆಯ ಟೀವಿಯಲ್ಲಿ ಹಳೆಯದೊಂದು ಕೊಲೆಯ ಚಿತ್ರ ಬರುತ್ತಿತ್ತು. ಕಥೆಯೆಲ್ಲ ಒಂದೇ ಕೋಣೆಯಲ್ಲಿ. "ಆಡಿಲ್ಲ, ಫೈಟಿಲ್ಲ, ಕೋಣೆ ಬುಟ್ಟು ಆಚೀಕೂ ಓಗಲ್ಲ, ಇದ್ಯಾವ ಪಿಚ್ಚರು" ಎಂದು ಪಕ್ಕದ ಮನೆಯ ಅತ್ತೆ ಆಕಳಿಸಿದರು. "ಇದೊಂದು ಪ್ರಯೋಗ, ಸುಮ್ಮನೆ ನೋಡಿ" ಎಂದರು ನನ್ನ ಟೀಚರು. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಕಳ್ಳ ಬಾಗಿಲು ಒದ್ದು ಬಂದು ಕೊಂದಿದ್ದಾನೆ ಎಂದು ಚಿತ್ರದ ಪೊಲೀಸರು ಹೇಳುತ್ತಿದ್ದರು. ಮರಗೆಲಸದ ನನ್ನ ತಾತ ಮೈಮೇಲಿನ ಹೊಟ್ಟಿನ ಸಮೇತ ಎದ್ದು ಟೀವಿಯ ಹತ್ತಿರ ಹೋದರು. "ಒದ್ದಿದ್ರೆ ಚೌಕಟ್ಟು ಸೀಳ್ತಿತ್ತು ಕಣವ್ವ. ಚಿಲ್ಕದ ಸ್ಕ್ರೂ ಬಿಚ್ಚವ್ರೆ. ಒಳಗಿರೋರ್ದೇ ಕೆಲ್ಸ."

"ನಿಂಗೆ ಇಂಥ ಸಿನಿಮಾ ಎಲ್ಲ ಅರ್ಥ ಆಗಲ್ಲ ತಾತ, ಅಡ್ಡ ನಿಲ್ಲಬೇಡ" ಎಂದೆ. ಟೀಚರು ನಕ್ಕರು. ತಾತ ಟವೆಲ್ಲು ಕೊಡವಿಕೊಂಡು ಕೆಲಸದ ಚಪ್ಪರಕ್ಕೆ ಹೋದರು.

ಕೊಂದವನು ಆ ಮನೆಯವನೇ. ಅವನು ಸ್ಕ್ರೂ ಬಿಚ್ಚಿದ್ದನ್ನೂ ಕೊನೆಗೆ ತೋರಿಸಿದರು.

ಸಂಜೆ ತಾತ ಉಳಿ ಮಸೆಯುತ್ತಾ ಕೇಳಿದರು: "ಕಡೀಗೆ ಯಾರಂತವ್ವ ಕೊಂದಿದ್ದು?"

"ಹೊರಗಿನವನೇ" ಎಂದೆ.

ಅವರು ಉಳಿಯ ಬಾಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಅಂಗಾರೆ ನಂಗೇ ತಿಳೀನಿಲ್ಲ ಬುಡು" ಎಂದರು.